ಕಾಸರಗೋಡಿನಲ್ಲಿ ದೊಡ್ಡವರಿಗೆ ಕನ್ನಡ ಓದು-ಬರಹ: ಕಲಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬದಿಯಡ್ಕ, ಮುಳ್ಳೇರಿಯ, ಪೆರ್ಲ, ಉಪ್ಪಳ ಕಡೆ ದೊಡ್ಡವರಿಗೆ ಅಕ್ಷರ ಕಲಿಸುವವರು ಎಲ್ಲಿ ಸಿಕ್ಕಿದರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಅಂಗನವಾಡಿಯಲ್ಲಿ, ಗ್ರಂಥಾಲಯದಲ್ಲಿ, ಯಾರದೋ ಮನೆಯ ಜಗಲಿಯಲ್ಲಿ ಸಂಜೆ ತರಗತಿ ನಡೆಸಿ ನಾನು ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ನಮ್ಮ ತೊಂದರೆ ಬೇರೆ ಕಡೆಯವರ ಹಾಗಲ್ಲ. ಕನ್ನಡದ ಪಾಠಗಳು ಗಡಿಯ ತಲಪಾಡಿಯಿಂದ ಆಚೆ, ಕರ್ನಾಟಕದಲ್ಲಿ ತಯಾರಾಗುತ್ತವೆ, ಅವುಗಳಲ್ಲಿ ನಮ್ಮ ಪಂಚಾಯತು, ನಮ್ಮ ಹೆಂಗಸರ ಸಂಘ ಕುಟುಂಬಶ್ರೀ ಇರುವುದಿಲ್ಲ. ನಮ್ಮ ಕೇರಳ ಸರಕಾರದ ಪಾಠಗಳಲ್ಲಿ ಹೆಚ್ಚಿನವು ಮಲಯಾಳದಲ್ಲಿರುತ್ತವೆ. ಹಾಗಾಗಿ ಎರಡೂ ಕಡೆಯಿಂದ ಸಾಮಾನು ತಂದು ಅಡುಗೆ ನಾವೇ ಮಾಡಬೇಕು. ಇಂಟರ್ನೆಟ್‌ನಲ್ಲಿ ಸಾಮಾನು ಬೇಕಾದಷ್ಟಿದೆ.

ಕೇರಳ ಪೂರ್ಣ ಸಾಕ್ಷರ ಅಲ್ವಾ? ಇನ್ನು ಯಾರಿಗೆ ಕಲಿಸುವುದು?

1991ರ ಏಪ್ರಿಲ್ 18ರಂದು ಕೋಝಿಕ್ಕೋಡಿನ ಮಾನಾಂಚಿರ ಮೈದಾನದಲ್ಲಿ ಆ ಘೋಷಣೆ ಮಾಡಿದವರು ಚೇಲಕ್ಕೋಡನ್ ಆಯಿಷಾ. ಆಗಷ್ಟೇ ಅಕ್ಷರ ಕಲಿತಿದ್ದ ಮಲಪ್ಪುರದ ಹೆಂಗಸು. ಆದರೆ ಪೂರ್ಣ ಸಾಕ್ಷರ ಎಂದರೆ ಒಬ್ಬರೂ ಉಳಿದಿಲ್ಲ ಎಂದಲ್ಲ. 2011ರ ಜನಗಣತಿಯಲ್ಲಿ ಕಾಸರಗೋಡು ಜಿಲ್ಲೆಯ ಸಾಕ್ಷರತೆ ಸುಮಾರು 90 ಶೇಕಡಾ. ಉಳಿದ 10 ಶೇಕಡಾ ಎಂದರೆ ನಮ್ಮ ಪಕ್ಕದ ಮನೆಯ ಅಕ್ಕ, ತೋಟದ ಕೆಲಸಕ್ಕೆ ಬರುವ ಅಣ್ಣ, ಕಾಲನಿಯ ಅಜ್ಜಿ. ಅದರ ಮೇಲೆ, ಹೆಸರು ಬರೆಯಲು ಕಲಿತು ಮತ್ತೆ ಪುಸ್ತಕ ಮುಟ್ಟದೆ ಎಲ್ಲ ಮರೆತವರೂ ಇದ್ದಾರೆ. ಲೆಕ್ಕದಲ್ಲಿ ಅವರು ಸಾಕ್ಷರರು. ಬಸ್ಸಿನ ಬೋರ್ಡು ಓದಲು ಮಾತ್ರ ಪಕ್ಕದವರನ್ನೇ ಕೇಳುತ್ತಾರೆ.

ಮೊದಲು ಕನ್ನಡ ಕಲಿಸಬೇಕಾ, ಮಲಯಾಳವಾ?

ಕಲಿಯುವವರನ್ನೇ ಕೇಳಿ. "ನಿಮಗೆ ಏನು ಓದಬೇಕು ಅಂತ ಆಸೆ?" ಎಂದರೆ ಸಾಕು, ಉತ್ತರ ಸಿಗುತ್ತದೆ. ದೇವಸ್ಥಾನದ ಆಮಂತ್ರಣ, ಭಜನೆ ಪುಸ್ತಕ, ಮಗಳು ವಾಟ್ಸಾಪ್‌ನಲ್ಲಿ ಕನ್ನಡದಲ್ಲಿ ಕಳಿಸುವ ಮೆಸೇಜು ಎಂದರೆ ಕನ್ನಡದಿಂದಲೇ ಶುರು ಮಾಡಿ. ಬಸ್ಸಿನ ಬೋರ್ಡು, ಆಸ್ಪತ್ರೆಯ ಚೀಟಿ ಎಂದರೆ ಮಲಯಾಳವೂ ಬೇಕು. ಎರಡು ಲಿಪಿಯನ್ನು ಒಟ್ಟಿಗೆ ಮಾತ್ರ ಹಿಡಿಸಬೇಡಿ. ಒಂದು ಲಿಪಿಯಲ್ಲಿ ಓದುವುದು ಹೇಗೆಂದು ತಲೆಗೆ ಹೋದ ಮೇಲೆ ಎರಡನೆಯದು ಬೇಗ ಬರುತ್ತದೆ. ಕಾಗುಣಿತದ ಲೆಕ್ಕಾಚಾರ ಎರಡರಲ್ಲೂ ಒಂದೇ, ಅಕ್ಷರದ ರೂಪ ಮಾತ್ರ ಬೇರೆ.

ಮಲಯಾಳ ಕಲಿಯಲು ಬಯಸುವವರಿಗೆ ಕೇರಳ ಸಾಕ್ಷರತಾ ಮಿಷನ್ 'ಪಚ್ಚ ಮಲಯಾಳಂ' ಎಂಬ ಸರ್ಟಿಫಿಕೇಟ್ ಕೋರ್ಸ್ ಶುರುಮಾಡಿದೆ. ಕನ್ನಡ ಶಾಲೆಯಲ್ಲಿ ಓದಿ ಮಲಯಾಳ ಲಿಪಿ ಬಾರದೆ ಉಳಿದ ಟೀಚರುಗಳಿಗೂ ಅದು ಒಳ್ಳೆಯದು.

ದೊಡ್ಡವರಿಗೆಂದೇ ಇರುವ ಕನ್ನಡ ಪ್ರೈಮರ್ (ಅಕ್ಷರ ಕಲಿಸುವ ಮೊದಲ ಪುಸ್ತಕ) ಎಲ್ಲಿ ಸಿಗುತ್ತದೆ?

ಮೊದಲು ನಿಮ್ಮ ಪಂಚಾಯತಿನ ಪ್ರೇರಕರನ್ನು, ಎಂದರೆ ಸಾಕ್ಷರತಾ ಮಿಷನ್‌ನ ಕಾರ್ಯಕರ್ತರನ್ನು ಕೇಳಿ. ಮಿಷನ್ ಕಡೆಯಿಂದ ಪುಸ್ತಕ ಬರುವುದು ಅವರ ಮೂಲಕ. ಜೊತೆಗೆ ಕರ್ನಾಟಕದ ಲೋಕ ಶಿಕ್ಷಣ ನಿರ್ದೇಶನಾಲಯ ಹಲವು ವರ್ಷಗಳಿಂದ ವಯಸ್ಕರಿಗಾಗಿ ಕನ್ನಡ ಪ್ರೈಮರ್ ತರುತ್ತಿದೆ, ಅವುಗಳನ್ನೂ ನೋಡಿ.

ಕೇಂದ್ರ ಸರಕಾರದ ಈಗಿನ ಸಾಕ್ಷರತಾ ಕಾರ್ಯಕ್ರಮದ ಹೆಸರು ಉಲ್ಲಾಸ್. 2022ರಿಂದ 2027ರ ವರೆಗೆ, 15 ವರ್ಷ ದಾಟಿದ ಎಲ್ಲರಿಗೂ. ಅದರ ಪಾಠಗಳು, ವಿಡಿಯೋಗಳು ಸರಕಾರದ ದೀಕ್ಷಾ ಜಾಲತಾಣದಲ್ಲಿವೆ. ಉಲ್ಲಾಸ್ ಆ್ಯಪ್‌ನಲ್ಲಿ ಕಲಿಯುವವರೂ ಕಲಿಸುವವರೂ ಹೆಸರು ನೋಂದಾಯಿಸಬಹುದು. ಈ ಕಾರ್ಯಕ್ರಮ ಬರೀ ಅಕ್ಷರಕ್ಕೆ ನಿಲ್ಲುವುದಿಲ್ಲ. ಹಣಕಾಸು, ಆರೋಗ್ಯ, ಫೋನ್ ಬಳಕೆಯಂಥ ಬದುಕಿನ ವಿಷಯಗಳೂ ಸೇರಿವೆ. ಅದು ನನಗೆ ಹಿಡಿಸಿತು.

ಒಂದು ಮಾತು. ಯಾವ ಪ್ರೈಮರ್ ತಂದರೂ ತರಗತಿಗೆ ಮೊದಲು ಪೆನ್ಸಿಲ್ ಹಿಡಿದು ಒಮ್ಮೆ ಕೂತುಕೊಳ್ಳಿ. ಪಾಠದಲ್ಲಿ ರಾಗಿ ಮುದ್ದೆ ಇದ್ದರೆ ಗಂಜಿ ಮಾಡಿ. ತಹಶೀಲ್ದಾರ್ ಕಚೇರಿ ಇದ್ದಲ್ಲಿ ವಿಲ್ಲೇಜ್ ಆಫೀಸು ಎಂದು ಬರೆಯಿರಿ. ಹತ್ತು ನಿಮಿಷದ ಕೆಲಸ ಅಷ್ಟೇ, ಪಾಠ ನಮ್ಮ ಊರಿನದ್ದಾಗುತ್ತದೆ.

ಒಂದನೇ ಕ್ಲಾಸಿನ ಪುಸ್ತಕ ಬಳಸಿದರೆ ಆಗುವುದಿಲ್ಲವಾ? ಅಕ್ಷರ ಯಾವ ಕ್ರಮದಲ್ಲಿ ಹೇಳಿಕೊಡಬೇಕು?

ಪುಸ್ತಕ ಬೇಡ, ಅದರ ಕ್ರಮ ಮಾತ್ರ ತೆಗೆದುಕೊಳ್ಳಿ. ಮೊದಲ ವರ್ಷ ನಾನು ಮಕ್ಕಳ ಪುಸ್ತಕವನ್ನೇ ಕೊಟ್ಟಿದ್ದೆ. ಗೊಂಬೆ, ಬುಗುರಿ, ಬಲೂನು. ಅರುವತ್ತು ದಾಟಿದ ಒಬ್ಬರು ಅಣ್ಣ ಪುಟ ತಿರುಗಿಸಿ ನೋಡಿ, ಮಡಚಿ ಬದಿಗಿಟ್ಟರು. ಮರುದಿನದಿಂದ ಬರಲಿಲ್ಲ. ಅದು ಈಗಲೂ ನನ್ನ ಮನಸ್ಸಿನಲ್ಲಿದೆ.

ಕ್ರಮದ ವಿಷಯಕ್ಕೆ ಬಂದರೆ, ಕರ್ನಾಟಕದ ನಲಿ-ಕಲಿ ಪದ್ಧತಿ ಅ ಆ ಇ ಈ ಎಂದು ಶುರುಮಾಡುವುದಿಲ್ಲ. ಮೊದಲ ಗುಂಪು ರ, ಗ, ಸ, ದ, ಅ. ಎರಡನೆಯದು ಜ, ವ, ಮ, ಬ, ನ. ಬರೆಯಲು ಸುಲಭ, ಒಂದಕ್ಕೊಂದು ಹೋಲುವ ರೂಪ, ಕೂಡಲೇ ಪದ ಕಟ್ಟಲು ಬರುತ್ತದೆ. ಸರ, ದರ, ಅರಸ, ಗರಗಸ. ಎರಡನೇ ಗುಂಪು ಸೇರಿದರೆ ಮಗ, ದನ, ಮರ, ಜನ. ಕಾಗುಣಿತ, ಒತ್ತಕ್ಷರ ಯಾವುದೂ ಇಲ್ಲದೆ ಇಷ್ಟು ಪದ! ಎರಡು ವಾರದಲ್ಲಿ 'ಮಗ' ಎಂದು ಓದಿದವರ ಮುಖ ನೋಡಬೇಕು ನೀವು.

ಇನ್ನೊಂದು ದಾರಿ ಬ್ರೆಜಿಲ್ ದೇಶದ ಶಿಕ್ಷಣತಜ್ಞ ಪಾವ್ಲೊ ಫ್ರೇರಿ ತೋರಿಸಿದ್ದು. 1963ರಲ್ಲಿ ಆಂಜಿಕೊಸ್ ಎಂಬ ಊರಿನಲ್ಲಿ ಸುಮಾರು 300 ಮಂದಿ ಕೂಲಿ ಕೆಲಸದವರಿಗೆ 40 ಗಂಟೆಗಳ ತರಗತಿಯಲ್ಲಿ ಅವರ ತಂಡ ಓದು ಕಲಿಸಿತು. ಅವರು ಅಕ್ಷರಮಾಲೆಯಿಂದ ಹೊರಡಲಿಲ್ಲ. ಜನರ ಬಾಯಲ್ಲಿ ದಿನಾ ಓಡಾಡುವ ಪದ ಹಿಡಿದರು. ಇಟ್ಟಿಗೆ ಎಂಬ ಪದ ತೆಗೆದುಕೊಂಡು ಮೊದಲು ಮನೆ ಕಟ್ಟುವ ಬಗ್ಗೆ ಮಾತಾಡಿಸಿ, ಆಮೇಲೆ ಪದವನ್ನು ಬಿಡಿಸಿ, ಆ ತುಂಡುಗಳಿಂದ ಹೊಸ ಪದ ಕಟ್ಟಿಸಿದರು.

ನಮ್ಮಲ್ಲಿ ಬೀಡಿ ಕಟ್ಟುವವರ ಜೊತೆ ಅದನ್ನು 'ಬೀಡಿ' ಹಿಡಿದು ಮಾಡಬಹುದು. ಮೊದಲು ಮಾತು: ಎಲೆ ಹೇಗಿದೆ, ಬೀಡಿ ಕೊಡುವ ಬ್ರಾಂಚಿನಲ್ಲಿ ಎಷ್ಟು ಕಟ್ಟು ಸರಿಯಿಲ್ಲವೆಂದು ತಳ್ಳಿದರು, ಸೊಂಟ ನೋವು. ಆಮೇಲೆ ಬೋರ್ಡಿನಲ್ಲಿ 'ಬೀಡಿ'. ಬ ಬಾ ಬಿ ಬೀ, ಡ ಡಾ ಡಿ ಡೀ. ಒಂದು ದೀರ್ಘ ಅಳಿಸಿದರೆ 'ಬಿಡಿ'. ಅದನ್ನು ಕಂಡು ಒಬ್ಬರು ಅಕ್ಕ "ಹಾಗಾದರೆ ಆ ದೀರ್ಘ ತೆಗೆದರೆ ಬೀಡಿ ಬಿಟ್ಟ ಹಾಗೆ ಅಲ್ವಾ ಟೀಚರೇ?" ಎಂದರು. ಹ್ರಸ್ವ ದೀರ್ಘದ ವ್ಯತ್ಯಾಸವನ್ನು ನಾನು ಇಷ್ಟು ಚೆನ್ನಾಗಿ ಯಾವತ್ತೂ ಹೇಳಿಕೊಟ್ಟಿರಲಿಲ್ಲ. ಅಡಕೆ, ಗೇರು, ಕೂಲಿ, ಹಾಲು, ಎಲ್ಲವೂ ಹೀಗೆ ಪಾಠವಾಗುತ್ತವೆ.

ಯಾರಿಗೆ ಎಷ್ಟು ಓದಲು ಬರುತ್ತದೆ ಎಂದು ತಿಳಿಯುವುದು ಹೇಗೆ?

ಮಕ್ಕಳಿಗೆ ಎಷ್ಟು ಓದಲು ಬರುತ್ತದೆ ಎಂದು ನೋಡುವ ಅಸರ್ ಸಮೀಕ್ಷೆಯವರ ಓದಿನ ಹಾಳೆ ಅವರ ಜಾಲತಾಣದಲ್ಲಿ ಕನ್ನಡದಲ್ಲೂ ಸಿಗುತ್ತದೆ. ಒಂದೇ ಹಾಳೆಯಲ್ಲಿ ಅಕ್ಷರ, ಪದ, ಸಣ್ಣ ಪ್ಯಾರಾ, ಸಣ್ಣ ಕಥೆ. ಮಕ್ಕಳಿಗಾಗಿ ಮಾಡಿದ್ದು, ಆದರೂ ಉಪಯೋಗಕ್ಕೆ ಬರುತ್ತದೆ. ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಓದಿಸಿ, ಎಲ್ಲರೆದುರು ಬೇಡ. 'ಪರೀಕ್ಷೆ' ಎಂಬ ಪದವನ್ನೇ ತೆಗೆಯಬೇಡಿ. ಸಣ್ಣವರಿದ್ದಾಗ ಶಾಲೆಯಲ್ಲಿ ಪೆಟ್ಟು ತಿಂದು ಬಿಟ್ಟವರು ಇವರಲ್ಲಿ ಇರುತ್ತಾರೆ.

ಓದಲು ಬಂದ ಮೇಲೆ ಓದಿಸುವುದು ಏನನ್ನು?

ನಾನು ಜಾಸ್ತಿ ಬಳಸುವುದು ಪ್ರಥಮ್ ಬುಕ್ಸ್‌ನವರ ಕಥೆಗಳ ಜಾಲತಾಣ ಸ್ಟೋರಿವೀವರ್. 2015ರ ಸೆಪ್ಟೆಂಬರ್ 8ರಂದು, ಅಂತಾರಾಷ್ಟ್ರೀಯ ಸಾಕ್ಷರತಾ ದಿನದಂದೇ ಶುರುವಾಯಿತು. ಕನ್ನಡದಲ್ಲಿ ರಾಶಿ ಕಥೆಗಳಿವೆ, ಓದುವ ಶಕ್ತಿಗೆ ತಕ್ಕ ಹಾಗೆ ನಾಲ್ಕು ಹಂತ ಮಾಡಿದ್ದಾರೆ. ಇಳಿಸಿಕೊಳ್ಳಬಹುದು, ಪ್ರಿಂಟ್ ಮಾಡಬಹುದು. ಬರೆದವರ, ಚಿತ್ರ ಬಿಡಿಸಿದವರ ಹೆಸರು ಉಳಿಸಿಕೊಂಡರೆ ಮಾತುಗಳನ್ನು ಬದಲಾಯಿಸಲೂಬಹುದು. ಪರವಾನಗಿಯೇ ಹಾಗಿದೆ, ಹೆದರಬೇಡಿ.

ಮಕ್ಕಳ ಕಥೆ ಎಂದು ದೊಡ್ಡವರು ಬೇಸರ ಮಾಡಿಕೊಳ್ಳುವುದಿಲ್ಲವೇ ಎಂದು ಕೇಳುತ್ತೀರಿ. "ಮೊಮ್ಮಗನಿಗೆ ಓದಿ ಹೇಳಲು" ಎಂದು ಕೊಟ್ಟು ನೋಡಿ. ಅದೇ ಪುಸ್ತಕವನ್ನು ಹತ್ತು ಸಲ ಓದುತ್ತಾರೆ. ಹತ್ತು ಸಲ ಓದಿದರೇನೇ ಓದು ಹರಿಯುವುದು.

ಹಂತ ದಾಟಿದವರಿಗೆ ಕರ್ನಾಟಕ ಸರಕಾರದ 'ಕಣಜ' ಜಾಲತಾಣದಲ್ಲಿ ಕೃಷಿ, ಆರೋಗ್ಯ, ಜಾನಪದದ ಬರಹಗಳಿವೆ. ಕನ್ನಡ ವಿಕಿಪೀಡಿಯದಲ್ಲಿ ನಮ್ಮ ಊರುಗಳ ಬಗ್ಗೆ ಪುಟಗಳಿವೆ. ಬೇಕಲ ಕೋಟೆ, ಅನಂತಪುರ ದೇವಸ್ಥಾನದ ಪುಟ ತೆರೆದು ಕೊಟ್ಟರೆ ಕಣ್ಣರಳಿಸಿ ಓದುತ್ತಾರೆ. ಗೊತ್ತಿರುವ ವಿಷಯವಾದರೆ ಕಷ್ಟದ ಪದವನ್ನೂ ಊಹೆ ಮಾಡಿ ದಾಟುತ್ತಾರೆ.

ಫೋನಿನಲ್ಲಿ ಮಾತಾಡಿದರೆ ಅದೇ ಟೈಪ್ ಮಾಡುತ್ತದಲ್ಲ, ಇನ್ನು ಓದು ಬರಹ ಯಾಕೆ ಎಂದು ಕೇಳುತ್ತಾರೆ. ಏನು ಹೇಳಲಿ?

ವಾದ ಮಾಡಬೇಡಿ. ಅದನ್ನೇ ಪಾಠ ಮಾಡಿ. ನನಗೆ ಸಿಕ್ಕಿದ ಸಾಧನಗಳಲ್ಲಿ ಇದಕ್ಕಿಂತ ದೊಡ್ಡದು ಇಲ್ಲ.

ಗೂಗಲ್‌ನ ಜಿಬೋರ್ಡ್ ಕೀಲಿಮಣೆಯಲ್ಲಿ ಕನ್ನಡ ಧ್ವನಿ ಟೈಪಿಂಗ್ ಇದೆ. ತರಗತಿಯಲ್ಲಿ ಒಬ್ಬರು ಅಕ್ಕನ ಕೈಗೆ ಫೋನ್ ಕೊಟ್ಟು, ನಿನ್ನೆ ಮನೆಯಲ್ಲಿ ಏನಾಯಿತು ಹೇಳಿ ಎಂದೆ. ಅವರು ಫೋನನ್ನು ಬಾಯಿಯ ಹತ್ತಿರ ಹಿಡಿದು, "ನಮ್ಮ ದನ ಕರು ಹಾಕಿತು. ಹೆಣ್ಣು ಕರು. ರಾತ್ರಿ ನಿದ್ರೆ ಇಲ್ಲ" ಎಂದರು. ಪರದೆಯ ಮೇಲೆ ಸಾಲು ಮೂಡಿತು. ಅವರು ದಿಟ್ಟಿಸಿ ನೋಡಿ, ಬೆರಳಿಟ್ಟು, "ಇದು ದನ" ಎಂದರು. ಆ ವಾರ ಕಲಿತ ಪದ. ಉಳಿದದ್ದು ಓದಲು ಬರುತ್ತಿರಲಿಲ್ಲ, ಆದರೆ ತಾನೇ ಹೇಳಿದ ಮಾತಲ್ವಾ? ಹಾಗಾಗಿ ಏನಿದೆ ಎಂದು ಗೊತ್ತಿತ್ತು. ಬೆರಳು ಮುಂದೆ ಹೋಯಿತು. ಮೂರನೇ ಸಲಕ್ಕೆ ಪೂರ್ತಿ ಓದಿದರು.

ಮರುದಿನ ಆ ಮೂರು ಸಾಲನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಮಾಡಿ ತಂದೆ. ಕೆಳಗೆ ಅವರ ಹೆಸರು. ಆ ಹಾಳೆ ಬೀಡಿ ಮೊರದ ಕೆಳಗೆ ಎಷ್ಟೋ ದಿನ ಇತ್ತು.

ಕಲಿಯುವವರ ಮಾತನ್ನೇ ಬರೆದು ಅದನ್ನೇ ಓದಿಸುವ ಕ್ರಮ ಹಳೆಯದು. ಮೊದಲು ಟೀಚರು ಕೂತು ಬರೆಯಬೇಕಿತ್ತು. ಈಗ ಫೋನ್ ಬರೆಯುತ್ತದೆ. ಫೋನ್ ತಪ್ಪು ಬರೆದರೆ ಇನ್ನೂ ಒಳ್ಳೆಯದು. 'ಎಂತ' ಎಂದದ್ದು 'ಎಂಥ' ಎಂದೋ, ಊರಿನ ಹೆಸರು ಇನ್ನೇನೋ ಆಗಿಯೋ ಬರುತ್ತದೆ. "ನಾನು ಹೇಳಿದ್ದು ಇದಲ್ಲ" ಎಂದು ಅವರೇ ತಪ್ಪು ಹುಡುಕಬೇಕಾದರೆ ಓದಲೇಬೇಕು. ಓದು ಯಾಕೆ ಎಂಬ ಪ್ರಶ್ನೆಗೆ ಉತ್ತರವೂ ಅಲ್ಲೇ ಸಿಗುತ್ತದೆ.

ನಮ್ಮ ಗುಂಪಿನಲ್ಲಿ ಮನೆಮಾತು ತುಳು. ಕನ್ನಡವೇ ಸರಿಯಾಗಿ ಬಾರದವರಿಗೆ ಹೇಗೆ?

ಕನ್ನಡ ಅಕ್ಷರದಲ್ಲಿ ತುಳು ಬರೆಸಿ ಶುರುಮಾಡಿ. 'ಮರ', 'ಗಂಜಿ' ತುಳುವಿನಲ್ಲೂ ಹಾಗೇ. ಆಮೇಲೆ ಅಪ್ಪೆ (ಅಮ್ಮ), ಪೂ (ಹೂ), ನೀರ್ (ನೀರು), ಇಲ್ಲ್ (ಮನೆ). ಅಕ್ಷರ ಕಲಿಯುವುದು ಒಂದು ಕೆಲಸ, ಭಾಷೆ ಕಲಿಯುವುದು ಬೇರೆ ಕೆಲಸ. ಎರಡನ್ನೂ ಒಂದೇ ದಿನ ತಲೆಗೆ ಹೊರಿಸಬಾರದು.

ತುಳು ವಿಕಿಪೀಡಿಯ 2016ರಿಂದ ಇದೆ, ಕನ್ನಡ ಲಿಪಿಯಲ್ಲಿ. ಗೂಗಲ್ ಟ್ರಾನ್ಸ್‌ಲೇಟ್‌ಗೆ 2024ರ ಜೂನ್‌ನಲ್ಲಿ ತುಳು ಸೇರಿತು. ತಪ್ಪು ಮಾಡುತ್ತದೆ, ಹಾಗಾಗಿ ಅದು ಕೊಟ್ಟದ್ದನ್ನು ತರಗತಿಯಲ್ಲಿ ತಿದ್ದಿಸಿ. ತಿದ್ದುವವರು ಅವರೇ ಆಗಿರಲಿ, ತುಳುವಿನಲ್ಲಿ ಅವರು ನಮಗಿಂತ ಮುಂದೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ ನಡೆಸುವ ಭಾರತವಾಣಿಯಲ್ಲಿ ಹಲವು ಭಾಷೆಗಳ ನಿಘಂಟುಗಳಿವೆ. ಮರಾಟಿ, ಕೊಂಕಣಿ, ಬ್ಯಾರಿ, ಹವ್ಯಕ ಮಾತಾಡುವವರ ಗುಂಪಾದರೂ ಕ್ರಮ ಒಂದೇ: ಮೊದಲ ಪದಗಳು ಅವರ ಮನೆಯಿಂದ ಬರಲಿ.

ಮಲಯಾಳ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ನೋಟೀಸು ಬಂದರೆ ಏನು ಮಾಡುವುದು?

ಇದು ಕಲಿಯುವವರಿಗೆ ಮಾತ್ರವಲ್ಲ, ನಮ್ಮಲ್ಲಿ ಎಷ್ಟೋ ಕಲಿಸುವವರಿಗೂ ಇರುವ ತೊಂದರೆ. ಕಿವಿಗೆ ಮಲಯಾಳ ಗೊತ್ತು, ಕಣ್ಣಿಗೆ ಗೊತ್ತಿಲ್ಲ.

ದಾರಿ ಹೀಗೆ. ಗೂಗಲ್ ಲೆನ್ಸ್‌ನಲ್ಲಿ ನೋಟೀಸಿನ ಫೋಟೋ ತೆಗೆಯಿರಿ. ಅಕ್ಷರಗಳನ್ನು ಆರಿಸಿ ಕಾಪಿ ಮಾಡಿ. 'ಅಕ್ಷರಮುಖ' ಎಂಬ ಉಚಿತ ಜಾಲತಾಣದಲ್ಲಿ ಅದನ್ನು ಹಾಕಿ, ಮಲಯಾಳದಿಂದ ಕನ್ನಡ ಎಂದು ಒತ್ತಿ. ಇದು ಅನುವಾದವಲ್ಲ. ಭಾಷೆ ಮಲಯಾಳವೇ, ಲಿಪಿ ಮಾತ್ರ ಕನ್ನಡ ಆಗುತ್ತದೆ. ಪಂಚಾಯತಿನ ಒಂದು ನೋಟೀಸು ಹೀಗೆ ಬಂತು: "ಅಪೇಕ್ಷ ಸಮರ್ಪ್ಪಿಕ್ಕೇಂಡ ಅವಸಾನ ತೀಯತಿ". ಜೋರಾಗಿ ಓದಿದ ಕೂಡಲೇ ನಾಲ್ಕು ಜನ ಒಟ್ಟಿಗೆ, "ಓ, ಅರ್ಜಿ ಕೊಡಲು ಕೊನೇ ದಿನ!" ಎಂದರು.

ಇಲ್ಲೊಂದು ಎಚ್ಚರಿಕೆ ಬೇಕು. ಒಂದೇ ಪದ ಎರಡು ಭಾಷೆಯಲ್ಲಿ ಬೇರೆ ಬೇರೆ ಅರ್ಥ ಕೊಡುತ್ತದೆ. ಅಪೇಕ್ಷೆ ನಮಗೆ ಆಸೆ, ಅಲ್ಲಿ ಅರ್ಜಿ. ಅವಸಾನ ನಮ್ಮಲ್ಲಿ ಸಾವಿನ ಮಾತು, ಅಲ್ಲಿ ಬರೀ ಕೊನೆ. ಇಂಥ ಪದಗಳನ್ನು ಒಂದು ಚಾರ್ಟಿನಲ್ಲಿ ಬರೆದು ಗೋಡೆಗೆ ಅಂಟಿಸಿ.

ಪದದ ಅರ್ಥ ನೋಡಲು 'ಸಮಂ' ಎಂಬ ಜಾಲತಾಣ ಇದೆ. ಮಲಯಾಳ, ಕನ್ನಡ, ತಮಿಳು, ತೆಲುಗು ಪದಗಳು ಒಟ್ಟಿಗೆ ಸಿಗುತ್ತವೆ. ಅದರ ಹಿಂದಿರುವುದು ತಲಶ್ಶೇರಿಯ ಞಾಟ್ಯೇಲ ಶ್ರೀಧರನ್ ಅವರ ನಿಘಂಟು. ಅವರು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟಲು ಹೋದವರು. ಆಮೇಲೆ ಖಾಸಗಿಯಾಗಿ ಓದಿ ಪರೀಕ್ಷೆ ಪಾಸಾಗಿ, ಸರಕಾರಿ ಕೆಲಸ ಮಾಡಿ, ಸುಮಾರು 25 ವರ್ಷ ಕೂತು ನಾಲ್ಕು ಭಾಷೆಯ ನಿಘಂಟು ಕಟ್ಟಿದರು. ಬೀಡಿ ಕಟ್ಟುವವರ ತರಗತಿಯಲ್ಲಿ ಈ ಸಂಗತಿ ಹೇಳದೆ ನಾನು ಯಾವ ವರ್ಷವೂ ಮುಗಿಸಿಲ್ಲ.

ಲೆಕ್ಕಕ್ಕೆ ಏನು ಬಳಸಲಿ?

ಲೆಕ್ಕ ಅವರಿಗೆ ಬಾಯಲ್ಲಿ ಬರುತ್ತದೆ. ಸಾವಿರ ಬೀಡಿಗೆ ಇಷ್ಟು, ಇಷ್ಟು ಕಟ್ಟಿಗೆ ಎಷ್ಟು ಎಂದರೆ ನಮಗಿಂತ ಮೊದಲು ಹೇಳುತ್ತಾರೆ. ಬಾರದಿರುವುದು ಅದನ್ನು ಬರೆಯುವುದು ಮಾತ್ರ. ಅಲ್ಲಿಂದ ಹಿಡಿಯಿರಿ. ೧ ೨ ೩ ಬೇಡ, ಬಸ್ಸಿನಲ್ಲಿ, ಫೋನಿನಲ್ಲಿ, ಪಾಸ್‌ಬುಕ್ಕಿನಲ್ಲಿ ಕಾಣುವ 1 2 3 ಸಾಕು.

ನೋಟೇ ಒಂದು ಪಾಠದ ಹಾಳೆ. ಹಿಂಬದಿಯ ಪಟ್ಟಿಯಲ್ಲಿ 15 ಭಾಷೆಗಳಿವೆ, ಮೇಲಿನಿಂದ ನಾಲ್ಕನೆಯದು ಕನ್ನಡ. ಅಕ್ಷರ ತೀರ ಸಣ್ಣದು, ಹಾಗಾಗಿ ಫೋನಿನ ಕ್ಯಾಮರಾದಲ್ಲಿ ದೊಡ್ಡದು ಮಾಡಿ ತೋರಿಸಿ. ಜೀವಮಾನ ಇಡೀ ಕೈಯಲ್ಲಿ ಹಿಡಿದ ನೂರರ ನೋಟಿನಲ್ಲಿ 'ನೂರು ರೂಪಾಯಿಗಳು' ಎಂದು ಮೊದಲ ಸಲ ಓದುವುದು ಸಣ್ಣ ಸಂಗತಿ ಅಲ್ಲ.

ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿ ಹಣಕಾಸು ಶಿಕ್ಷಣದ ಕಿರುಪುಸ್ತಕಗಳು ಕನ್ನಡದಲ್ಲಿವೆ. ಭಾಷೆ ಸ್ವಲ್ಪ ಗಟ್ಟಿ, ನೀವು ಓದಿ ಬಾಯಲ್ಲಿ ಹೇಳಿ.

ಗೂಗಲ್ ಪೇ ಕಲಿಸಿ ಎನ್ನುತ್ತಾರೆ. ಕಲಿಸಬಹುದಾ?

ಕಲಿಸಿ. ಆದರೆ ಮೊದಲ ಪಾಠ ಹೀಗಿರಲಿ: ಹಣ ಬರಲು ಪಿನ್ ಒತ್ತಬೇಕಾಗಿಲ್ಲ. ಪಿನ್ ಕೇಳಿದರೆ ನಿಮ್ಮ ಹಣ ಹೋಗುತ್ತದೆ ಎಂದರ್ಥ. ಇದನ್ನು ಬೋರ್ಡಿನಲ್ಲಿ ಬರೆದು ಓದಿಸಿ, ಬರೆಸಿ, ಮನೆಯ ಗೋಡೆಗೆ ಅಂಟಿಸಲು ಕೊಡಿ. ಒಟಿಪಿ ಯಾರಿಗೂ ಹೇಳಬಾರದು. ಮೋಸ ಆದರೆ ಕೂಡಲೇ 1930ಕ್ಕೆ ಕರೆ. ಈ ನಾಲ್ಕು ಅಂಕಿ ಬಾಯಿಪಾಠ ಆಗಬೇಕು. ಪಿನ್ ಒತ್ತಿಸಿ ಅಭ್ಯಾಸ ಮಾಡಿಸುವಾಗ ನೀವು ಮುಖ ತಿರುಗಿಸಿ. ಟೀಚರಿಗೂ ತೋರಿಸಬಾರದು ಎಂದು ಹೇಳಿದರೆ ಸಾಲದು, ಮಾಡಿ ತೋರಿಸಬೇಕು.

ನೆಟ್‌ವರ್ಕ್ ಸಿಗುವುದಿಲ್ಲ. ಇದೆಲ್ಲ ಹೇಗೆ?

ಪೇಟೆಗೆ ಹೋದಾಗ ಇಳಿಸಿಟ್ಟುಕೊಳ್ಳಿ. ಗೂಗಲ್ ಟ್ರಾನ್ಸ್‌ಲೇಟ್‌ನ ಕನ್ನಡ ಕಡತವನ್ನು ಫೋನಿನಲ್ಲಿ ಉಳಿಸಿದರೆ ನೆಟ್ ಇಲ್ಲದೆಯೂ ನಡೆಯುತ್ತದೆ. ಸ್ಟೋರಿವೀವರ್ ಕಥೆಗಳೂ ಹಾಗೆ. ಆದರೆ ನಿಜ ಹೇಳಬೇಕೆಂದರೆ ತರಗತಿಗೆ ಹೋಗಬೇಕಾದದ್ದು ಕಾಗದ. ಫೋನ್ ನಿಮ್ಮ ತಯಾರಿಗೆ. ಹತ್ತು ಜನ ಒಂದು ಫೋನ್ ಸುತ್ತ ಬಗ್ಗಿ ಕೂತರೆ ಇಬ್ಬರು ಓದುತ್ತಾರೆ, ಎಂಟು ಮಂದಿ ಅವರ ತಲೆ ನೋಡುತ್ತಾರೆ.

ಊರಿನ ಗ್ರಂಥಾಲಯವನ್ನೂ ಮರೆಯಬೇಡಿ. ಜೂನ್ 19, ಕೇರಳದ ಗ್ರಂಥಾಲಯ ಚಳವಳಿ ಕಟ್ಟಿದ ಪಿ. ಎನ್. ಪಣಿಕ್ಕರ್ ತೀರಿಕೊಂಡ ದಿನ, ಕೇರಳದಲ್ಲಿ ವಾಚನ ದಿನ. ಆ ವಾರ ನಿಮ್ಮ ಕಲಿಯುವವರಿಂದ ನಾಲ್ಕು ಸಾಲು ಓದಿಸಲು ಕೇಳಿಕೊಳ್ಳಿ.

ಪ್ರಿಂಟ್ ಮಾಡಿದರೂ ಓದಲು ಕಷ್ಟಪಡುತ್ತಾರೆ. ಯಾಕೆ?

ಮೊದಲು ಕಣ್ಣು ನೋಡಿ. ನಲುವತ್ತು ದಾಟಿದರೆ ಹತ್ತಿರದ್ದು ಮಸುಕಾಗುವುದು ಸಹಜ. "ಸೂಜಿಗೆ ನೂಲು ಪೋಣಿಸಲು ಆಗುತ್ತದಾ?" ಎಂದು ಕೇಳಿ. ಆಗುವುದಿಲ್ಲ ಎಂದರೆ ಪ್ರೈಮರ್‌ಗಿಂತ ಮೊದಲು ಕನ್ನಡಕ. ತಲೆಗೆ ಹತ್ತುವುದಿಲ್ಲ ಎಂದು ತಮ್ಮನ್ನು ತಾವೇ ಬೈದುಕೊಳ್ಳುತ್ತಿದ್ದವರು ಕನ್ನಡಕ ಹಾಕಿದ ವಾರವೇ ಪ, ವ, ಮ ಬೇರೆ ಬೇರೆ ಎಂದು ಗುರುತಿಸಿದ್ದನ್ನು ನಾನು ಕಂಡಿದ್ದೇನೆ.

ಅಕ್ಷರದ ಗಾತ್ರ 20ರಿಂದ 24 ಇರಲಿ, ಸಾಲುಗಳ ನಡುವೆ ಜಾಗ ಬಿಡಿ. ಒತ್ತಕ್ಷರ ಕೆಳಗೆ ಬರುವುದರಿಂದ ಸಾಲು ಒತ್ತಾದರೆ ಕನ್ನಡ ಬೇಗ ಗೊಂದಲವಾಗುತ್ತದೆ. ನೋಟೊ ಸಾನ್ಸ್ ಕನ್ನಡದಂಥ ಸರಳ ಫಾಂಟ್ ಉಚಿತ. 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಕಡತಗಳು ಫೋನಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಂಡರೆ ಯೂನಿಕೋಡಿಗೆ ಬದಲಾಯಿಸಿಕೊಳ್ಳಿ.

ಹತ್ತನೇ ಕ್ಲಾಸ್ ಮಾಡಬೇಕು ಎನ್ನುವವರಿಗೆ?

ಸಾಕ್ಷರತಾ ಮಿಷನ್‌ನ ತತ್ಸಮಾನ (ಶಾಲೆಯ ತರಗತಿಗೆ ಸಮನಾದ) ಕೋರ್ಸುಗಳಿವೆ: 4, 7, 10, ಹೈಯರ್ ಸೆಕೆಂಡರಿ. ಹತ್ತಕ್ಕೆ 7ನೇ ತರಗತಿ ಪಾಸಾಗಿ 17 ವರ್ಷ ತುಂಬಿರಬೇಕು, ಹೈಯರ್ ಸೆಕೆಂಡರಿಗೆ 10 ಪಾಸಾಗಿ 22. ಹತ್ತನೆಯದು ಕನ್ನಡದಲ್ಲೂ ಬರೆಯಬಹುದು. ಸಹಾಯಕ್ಕೆ ಕೇರಳ ಸರಕಾರದ ಕೈಟ್ ಸಂಸ್ಥೆಯ 'ಸಮಗ್ರ' ಜಾಲತಾಣದಲ್ಲಿ ಕೇರಳದ ಕನ್ನಡ ಮಾಧ್ಯಮ ಪಠ್ಯಪುಸ್ತಕಗಳಿವೆ. ಗಣಿತಕ್ಕೆ ಖಾನ್ ಅಕಾಡೆಮಿಯ ಕನ್ನಡ ಪಾಠ ನೋಡಿ.

ಪರೀಕ್ಷೆ ಎಂದರೆ ಹೆದರುತ್ತಾರೆ.

ಉಲ್ಲಾಸ್ ಪರೀಕ್ಷೆ ಒಟ್ಟು 150 ಅಂಕ: ಓದು 50, ಬರಹ 50, ಲೆಕ್ಕ 50. ಕೇರಳದಲ್ಲಿ ಅದಕ್ಕೆ 'ಮಿಕವುತ್ಸವಂ' ಎಂದು ಉತ್ಸವದ ಹೆಸರಿಟ್ಟಿದ್ದಾರೆ, ಅದು ಸರಿಯಾದ ಹೆಸರು. ಆಲಪ್ಪುಝದ ಕಾರ್ತ್ಯಾಯಿನಿ ಅಮ್ಮನ ವಿಷಯ ಹೇಳಿ. 2018ರಲ್ಲಿ, 96ನೇ ವಯಸ್ಸಿನಲ್ಲಿ ಸಾಕ್ಷರತಾ ಮಿಷನ್‌ನ ಅಕ್ಷರಲಕ್ಷಂ ಪರೀಕ್ಷೆ ಬರೆದು 100ಕ್ಕೆ 98 ಅಂಕ ತೆಗೆದರು. ಕೊಲ್ಲಂನ ಭಾಗೀರಥಿ ಅಮ್ಮ 105ನೇ ವಯಸ್ಸಿನಲ್ಲಿ ನಾಲ್ಕನೇ ತರಗತಿಯ ತತ್ಸಮಾನ ಪರೀಕ್ಷೆ ಬರೆದರು. ಅವರ ಫೋಟೋ ತೋರಿಸಿ ಸುಮ್ನೆ ಕೂತರೆ ಸಾಕು, ಐವತ್ತರವರು "ನನಗೆ ವಯಸ್ಸಾಯಿತು" ಎನ್ನುವುದನ್ನು ನಿಲ್ಲಿಸುತ್ತಾರೆ.

ಕಲಿಸುವ ನಮಗೆ ತರಬೇತಿ ಎಲ್ಲಿ?

ಇಂಗ್ಲಿಷ್ ಓದಬಲ್ಲವರಿಗೆ ಹ್ಯಾಂಬರ್ಗ್‌ನಲ್ಲಿರುವ ಯುನೆಸ್ಕೋ ಸಂಸ್ಥೆಯ 'ಲಿಟ್‌ಬೇಸ್' ಇದೆ, ಬೇರೆ ಬೇರೆ ದೇಶಗಳ ಸಾಕ್ಷರತಾ ಕೆಲಸಗಳ ವಿವರ ಅಲ್ಲಿ ಸಿಗುತ್ತದೆ. ಅಮೆರಿಕದ ಶಿಕ್ಷಣ ಇಲಾಖೆಯ 'ಲಿಂಕ್ಸ್' ವಯಸ್ಕ ಶಿಕ್ಷಕರಿಗೆಂದೇ ಇರುವ ಉಚಿತ ತಾಣ. ಅಲ್ಲಿ ಓದನ್ನು ನಾಲ್ಕು ಭಾಗ ಮಾಡಿ ನೋಡುತ್ತಾರೆ: ಅಕ್ಷರ ಮತ್ತು ಧ್ವನಿ, ಸರಾಗ, ಪದಸಂಪತ್ತು, ಅರ್ಥ. ನಾವು ಮೊದಲನೆಯದಕ್ಕೇ ವರ್ಷ ಕಳೆಯುತ್ತೇವೆ. ಆ ಪಟ್ಟಿ ನೋಡಿದ ಮೇಲೆ ನಾನು ಪ್ರತಿ ತರಗತಿಯಲ್ಲೂ ಹತ್ತು ನಿಮಿಷ ಒಂದೇ ಪ್ಯಾರಾವನ್ನು ಮೂರು ಸಲ ಓದಿಸಲು ಶುರುಮಾಡಿದೆ. ಕನ್ನಡದಲ್ಲೇ ಬೇಕೆಂದರೆ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ 'ಅನುವಾದ ಸಂಪದ'ದಲ್ಲಿ ಶಿಕ್ಷಣದ ಬರಹಗಳಿವೆ.

ಎರಡು ತಿಂಗಳು ಬಂದು ನಿಲ್ಲಿಸುತ್ತಾರೆ. ಏನು ಮಾಡಲಿ?

ಮಳೆಗಾಲ, ಅಡಕೆ ಕೊಯ್ಲು, ಮನೆಯಲ್ಲಿ ಮದುವೆ, ಆಸ್ಪತ್ರೆ. ಕಾರಣ ಇದ್ದೇ ಇರುತ್ತದೆ. ಬೈಯಬೇಡಿ. ವಾಟ್ಸಾಪ್‌ನಲ್ಲಿ ಮೂರು ಪದದ ಒಂದು ಸಾಲು ಬರೆದು ಕಳಿಸಿ, ಓದಿ ಧ್ವನಿಯಲ್ಲಿ ಉತ್ತರ ಕಳಿಸಲು ಹೇಳಿ. "ಕರು ಹೇಗಿದೆ ಅಕ್ಕ?" ಎಂದು ಬರೆದರೆ ಉತ್ತರ ಬರುತ್ತದೆ. "ತರಗತಿಗೆ ಯಾಕೆ ಬರಲಿಲ್ಲ?" ಎಂದು ಬರೆದರೆ ಬರುವುದಿಲ್ಲ.

ಓದು ಬಂತು. ಬರೆಯಲು ಏನು ಕೊಡಲಿ?

ನಿಜವಾದ ಅರ್ಜಿ ಕೊಡಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ, ಭಾಷಾ ಅಲ್ಪಸಂಖ್ಯಾತ ಪ್ರದೇಶಗಳೆಂದು ಘೋಷಿಸಿದ ಕಡೆ ಕನ್ನಡಿಗರು ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು. ಉತ್ತರವೂ ಕನ್ನಡದಲ್ಲಿ ಬರಬೇಕು. ಇದನ್ನು ತಿಳಿಯದೆ ಎಷ್ಟೋ ಜನ ಪೇಟೆಯಲ್ಲಿ ದುಡ್ಡು ಕೊಟ್ಟು ಮಲಯಾಳದಲ್ಲಿ ಬರೆಸಿಕೊಳ್ಳುತ್ತಾರೆ.

ನಮ್ಮ ತರಗತಿಯವರು ಬರೆದದ್ದು ದಾರಿದೀಪಕ್ಕೆ. ಇವರಿಗೆ, ಪಂಚಾಯತು ಕಾರ್ಯದರ್ಶಿ. ನಮ್ಮ ದಾರಿಯಲ್ಲಿ ದೀಪ ಉರಿಯುವುದಿಲ್ಲ. ರಾತ್ರಿ ಬೀಡಿ ಕೊಟ್ಟು ಬರುವಾಗ ಕಷ್ಟ. ದೀಪ ಸರಿ ಮಾಡಿಸಿಕೊಡಿ. ಇಷ್ಟೇ. 'ಕಾರ್ಯದರ್ಶಿ' ಎಂಬ ಪದಕ್ಕೆ ಒಂದು ಸಂಜೆ ಹೋಯಿತು, ಎರಡು ಅರ್ಕಾವೊತ್ತು ಅಲ್ವಾ. ಕೆಳಗೆ ಒಂಬತ್ತು ಸಹಿ, ಹೆಬ್ಬೆಟ್ಟು ಒಂದೂ ಇಲ್ಲ. ಕೊಟ್ಟು ಬಂದವರು ರಶೀದಿಯನ್ನು ನನ್ನ ಕೈಗೆ ಕೊಡಲಿಲ್ಲ. ತಾವೇ ಓದಿ ಹೇಳಿದರು.